ಒಂದೇ ಥಾನಿನ ಎರಡು ಕೋಟು

ಗೋವೆಯ ಬೇಸಿಗೆಯಲ್ಲಿ, ಮೈಮೇಲಿನ ಬನಿಯನ್ ಕೂಡ ಭಾರವೆನಿಸಿ ಗಂಡಸರೆಲ್ಲ ಬಾಲ್ಕನಿಗಳಲ್ಲಿ ಬರಿಮೈಯಲ್ಲಿ ನಿಂತು ಬಾರದ ಗಾಳಿಗೆ ಶಾಪ ಹಾಕುತ್ತಿರುವ ಹೊತ್ತಿನಲ್ಲಿ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಕಂದುಬಣ್ಣದ ಉಣ್ಣೆಯ ಕೋಟು ತೊಟ್ಟು, ಎಡಗಾಲನ್ನು ತುಸುವೇ ಎಳೆಯುತ್ತ, ಎದುರು ಬಂದವರ ಮುಖವನ್ನು ಮೊದಲು, ಪಾದವನ್ನು ಆಮೇಲೆ ನೋಡುತ್ತ ಪರ್ವರಿಯ ಏರಿನಲ್ಲಿ ನಡೆದುಹೋಗುವ ಮನುಷ್ಯನೊಬ್ಬನನ್ನು ನೀವು ಕಂಡಿದ್ದರೆ, ಅವನೇ ನಮ್ಮ ರಘುವೀರ ಕೊರ್ಲಹಳ್ಳಿ. ಅವನ ಕಾಲಿನಲ್ಲಿ ಯಾವ ದೋಷವೂ ಇಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ನಮ್ಮ ಕಟ್ಟಡದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಹತ್ತುತ್ತಿದ್ದವನನ್ನು ನಾನೇ ಎಷ್ಟೋ ಸಲ, "ಮೆಲ್ಲಗ ಹತ್ತೋ, ಮುಪ್ಪಿನ್ಯಾಗ ಬೇಕಾಗ್ತಾವ ಆ ಮೊಣಕಾಲು" ಎಂದು ಗದರಿಸಿದ್ದುಂಟು. ಆ ಕುಂಟು ಅವನದಲ್ಲ, ಅವನ ತಂದೆಯದು.

ಬ್ಯಾಂಕಿನ ಕೆಲಸದ ಮೇಲೆ ಧಾರವಾಡ ಬಿಟ್ಟು ಪಣಜಿಗೆ ಬಂದ ನನಗೆ ಪರ್ವರಿಯಲ್ಲಿ ಅವರದು ಎದುರುಬಾಗಿಲಿನ ಮನೆ. ಪರವೂರಿನಲ್ಲಿ ಎದುರುಬಾಗಿಲಿನಿಂದ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಬಳಗವಾಗುವುದಕ್ಕೆ ಬೇರೆ ಪುರಾವೆ ಬೇಕಿಲ್ಲ. ರಘುವೀರ ಮಡ್ಕಯಿಯಲ್ಲಿ ಬಾಟಲಿಯ ಮುಚ್ಚಳ ತಯಾರಿಸುವ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ. ಮಿತಭಾಷಿ, ಆದರೆ ಆಡಿದ ನಾಲ್ಕು ಮಾತಿನ ಬಾಲಕ್ಕೆ "ಮುಟ್ಟಿತಿಲ್ರಿ?" ಎಂಬುದೊಂದು ಅಂಟಿಕೊಂಡೇ ಬರುತ್ತಿತ್ತು. ಕಳಿಸಿದ ಹೋಳಿಗೆಯ ಬಗೆಗೂ ಮುಟ್ಟಿತಿಲ್ರಿ, ಹೇಳಿಕಳಿಸಿದ ಸುದ್ದಿಯ ಬಗೆಗೂ ಮುಟ್ಟಿತಿಲ್ರಿ. ಒಮ್ಮೆ ಎದುರಿಗೆ ಕೂತು ತಾನೇ ಕೈಯಲ್ಲಿಟ್ಟ ಚಹಾದ ಬಗೆಗೂ ಹಾಗೆಂದಾಗ ನನಗೆ ರೇಗಿ, "ಮುಟ್ಟೇದೋ ಮಾರಾಯಾ, ಕುಡದೂ ಮುಗಸೇನಿ" ಎಂದೆ. ಅವನು ನಗಲಿಲ್ಲ. ಮುಟ್ಟುವುದು ಮುಟ್ಟದಿರುವುದು ಆ ಮನೆಯಲ್ಲಿ ನಗೆಯ ವಿಷಯವಾಗಿ ಉಳಿದಿರಲಿಲ್ಲ.

ಎರಡು ಸಾವಿರದ ಇಸವಿಯ ಮಾಘಮಾಸದಲ್ಲಿ ಅವನ ತಂದೆ ಬಾಳಕೃಷ್ಣರಾಯರು, ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾಗಿ ಹೆಂಡತಿಯೊಡನೆ ಮಗನ ಮನೆಗೆ ಬಂದು ನೆಲೆಸಿದವರು, ಮಡಗಾಂವದಲ್ಲಿದ್ದ ಗೆಳೆಯರ ಮನೆಯ ಮುಂಜಿವೆಗೆಂದು ಕೋಟು ತೊಟ್ಟು ಹೊರಟರು. ಹೆಂಡತಿ ಅಂಬಾಬಾಯಿಯವರಿಗೆ ಬಾಗಿಲಲ್ಲಿ ನಿಂತು "ಬರ್ತೀನಿ" ಎಂದರು. ನಮ್ಮಲ್ಲಿ ಮನೆಯಿಂದ ಹೊರಬೀಳುವವರು ಹೋಗುತ್ತೇನೆ ಅನ್ನುವುದಿಲ್ಲ. ಹೋಗುವುದನ್ನು ಬಾಯಿಬಿಟ್ಟು ಹೇಳುವುದು ಅಶುಭ, ಬರುತ್ತೇನೆಂದೇ ಹೋಗಬೇಕು. ಮುಂಜಿವೆಯ ಮನೆಗೆ ರಾಯರು ಮುಟ್ಟಲಿಲ್ಲ. ಜುವಾರಿ ಸೇತುವೆ ದಾಟಿದ ಮೇಲೆ ಕೊರ್ತಾಲಿಮ್‌ನಲ್ಲಿ ಬಸ್ಸು ನಿಂತಾಗ ಕೋಟಿನ ಹಿರಿಯರೊಬ್ಬರು ಇಳಿದದ್ದು ಕಂಡಕ್ಟರನಿಗೆ ನೆನಪಿತ್ತು, ಮತ್ತೆ ಹತ್ತಿದ್ದು ನೆನಪಿರಲಿಲ್ಲ. ಪೊಲೀಸರು ನದಿಯನ್ನೂ ಹುಡುಕಿಸಿದರು. ಈ ಹೊಳೆ ತಕ್ಕೊಂಡದ್ದನ್ನು ಹಿಂದಕ್ಕೆ ಕೊಡದೆ ಇರುವುದಿಲ್ಲ ಎಂದು ಮೀನುಗಾರರು ಹೇಳಿದರಂತೆ, ಆದರೆ ಹೊಳೆ ಏನನ್ನೂ ಕೊಡಲಿಲ್ಲ. ಸತ್ತರೆಂದು ಅಳುವಂತಿಲ್ಲ, ಇದ್ದಾರೆಂದು ನಗುವಂತಿಲ್ಲ. ಅಂಬಾಬಾಯಿಯವರು ಹಣೆಯ ತುಂಬ ಕುಂಕುಮವಿಟ್ಟುಕೊಂಡು, ಸಂಜೆಯಾಯಿತೆಂದರೆ ಕೆಲಸದಿಂದ ಬಂದ ಮಗನನ್ನು "ಬಂದ್ರೇನೋ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು.

ಕೋಟಿನ ಸಂಗತಿ ಹೇಳಬೇಕು. ರಘುವೀರನ ಮದುವೆಯಲ್ಲಿ ರಾಯರು ಧಾರವಾಡದ ದರ್ಜಿಯ ಹತ್ತಿರ ಒಂದೇ ಥಾನಿನ ಬಟ್ಟೆಯಿಂದ ಎರಡು ಕೋಟು ಹೊಲಿಸಿದ್ದರು, ತಮಗೊಂದು, ಮಗನಿಗೊಂದು. ಬೀಗರು ಕಾರವಾರದವರು, ಕಡಲತೀರದ ಜನ; ಆ ಸೆಖೆಯಲ್ಲಿ ತಂದೆ-ಮಗ ಇಬ್ಬರೂ ಉಣ್ಣೆ ಹೊದ್ದು ಬೆವರಿ ನಿಂತ ಚಿತ್ರ ಆಲ್ಬಮ್ಮಿನಲ್ಲಿತ್ತು. ಹುಡುಕುವುದಕ್ಕೆ ಫೋಟೋ ಬೇಕಾದಾಗ ಇದ್ದುದರಲ್ಲಿ ಸ್ಪಷ್ಟವಾದದ್ದು ಅದೊಂದೇ. ರಘುವೀರ ಅದನ್ನು ಕಂಪ್ಯೂಟರಿಗೆ ಹಾಕಿ, ತನ್ನನ್ನು ಕತ್ತರಿಸಿ ತೆಗೆದು, ತಂದೆಯನ್ನಷ್ಟೇ ಉಳಿಸಿಕೊಂಡ. ಪೂರ್ತಿ ಕತ್ತರಿಸಲಾಗಲಿಲ್ಲ, ರಾಯರ ಭುಜದ ಮೇಲೆ ಯಾರದೋ ನಾಲ್ಕು ಬೆರಳು ಉಳಿದುಬಿಟ್ಟವು. ಆ ಬೆರಳುಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ, ಅವು ಹಿಡಿದುಕೊಂಡಿವೆಯೋ ತಳ್ಳುತ್ತಿವೆಯೋ ನನಗಿನ್ನೂ ಬಗೆಹರಿದಿಲ್ಲ.

ವರ್ಷಗಟ್ಟಲೆ ನೋಡುವಂತಾದದ್ದು ಅವನ ವಿದ್ಯೆಯಿಂದ. ಕಾರ್ಖಾನೆಯಲ್ಲಿ ದಿನದ ಉತ್ಪಾದನೆಯ ವರದಿಯನ್ನು ಮುಂಬಯಿಯ ಕಚೇರಿಗೆ ಇ-ಮೇಲಿಗೆ ಲಗತ್ತಿಸಿ ಕಳಿಸಬೇಕಿತ್ತು. ದಿನಾ ಅದೇ ಕೆಲಸವನ್ನು ಕೈಯಾರೆ ಮಾಡಿ ಬೇಸತ್ತ ಅವನು, ಕಂಪ್ಯೂಟರಿಗೆ ಮೊದಲೇ ಅಪ್ಪಣೆಗಳ ಸಾಲೊಂದನ್ನು ಬರೆದಿಟ್ಟು, ಹೊತ್ತಿಗೆ ಸರಿಯಾಗಿ ಅದೇ ಎದ್ದು, ಅದೇ ಕಾಗದ ಬರೆದು, ಅದೇ ವರದಿ ಅಂಟಿಸಿ, ಅದೇ ರವಾನಿಸುವಂತೆ ಮಾಡಿದ್ದ. ಅದಕ್ಕೆ ಸ್ಕ್ರಿಪ್ಟ್ ಅನ್ನುತ್ತಾರಂತೆ. ನನಗೂ ಕಂಪ್ಯೂಟರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ, ತಿಳಿದಷ್ಟು ಹೇಳುತ್ತಿದ್ದೇನೆ. ಮುಂಬಯಿಗೆ ಮುಚ್ಚಳದ ಲೆಕ್ಕ ತಾನಾಗಿಯೇ ಹೋಗುವುದಾದರೆ ಊರೂರಿಗೆ ತಂದೆಯ ಮುಖವೇಕೆ ಹೋಗಬಾರದು ಎಂದು ಅವನಿಗೆ ಹೊಳೆಯಿತು. ಗೋವೆ, ಕರ್ನಾಟಕ, ಮಹಾರಾಷ್ಟ್ರಗಳ ಪೊಲೀಸ್ ಠಾಣೆ, ಆಸ್ಪತ್ರೆ, ಮಠ, ಧರ್ಮಶಾಲೆ, ಬೀದಿಬದಿಯ ನೆಟ್ ಅಂಗಡಿ, ಎಲ್ಲೆಲ್ಲಿಯ ವಿಳಾಸ ಸಿಕ್ಕಿತೋ ಅಲ್ಲೆಲ್ಲ ಪ್ರತಿದಿನ ಬೆಳಕು ಹರಿಯುವಾಗ ಬಾಳಕೃಷ್ಣರಾಯರ ಫೋಟೋ ಹೊರಡತೊಡಗಿತು. ಪರೀಕ್ಷೆಗೆಂದು ನನ್ನ ವಿಳಾಸವನ್ನೂ ಸೇರಿಸಿದವನು ಆಮೇಲೆ ತೆಗೆಯಲೇ ಇಲ್ಲ. "ಊರಿಗೆ ಬಂದಾಕಿ ನೀರಿಗೆ ಬರದಽ ಇರ್ತಾಳೇನ್ರಿ?" ಎಂಬುದು ಅವನ ವಾದ. ಎಲ್ಲೇ ಇರಲಿ, ಒಂದಲ್ಲ ಒಂದು ದಿನ ಈ ಫೋಟೋ ಇರುವ ಗೋಡೆಯ ಮುಂದೆ ಅಪ್ಪ ಹಾಯಲೇಬೇಕು.

ನನಗೆ ಮೊದಲು ಮೈ ಜುಮ್ಮೆಂದದ್ದು ಒಂದು ಮುಂಜಾನೆ ಮೊಸರು ಕಡ ಕೇಳಲೆಂದು ಅವರ ಮನೆಗೆ ಹೋದಾಗ. ಪಡಸಾಲೆಯ ಮೂಲೆಯ ಕಂಪ್ಯೂಟರು, ಹತ್ತಿರ ಯಾರೂ ಇಲ್ಲದಾಗ, ತಾನಾಗಿ ಗುಂಯ್ಯೆಂದು ಎದ್ದಿತು. ಪರದೆ ಬೆಳಗಿತು. ವಿಳಾಸಗಳು ಒಂದೊಂದಾಗಿ ಮೇಲಕ್ಕೆ ಸರಿಯತೊಡಗಿದವು. ಒಳಗೆ ದೇವರಿಗೆ ಹೂವೇರಿಸುತ್ತಿದ್ದ ಅಂಬಾಬಾಯಿಯವರು ಆ ಸದ್ದಿಗೆ ಎದ್ದುಬಂದು, ಬಾಗಿಲವರೆಗೂ ಹೋಗಿ, ಚಿಲುಕ ತೆಗೆದು, ಯಾರಿಗೋ ದಾರಿ ಬಿಡುವಂತೆ ಬದಿಗೆ ಸರಿದು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಬಲು ಸಹಜವಾಗಿ, "ಹೊಂಟ್ರು ನೋಡ್ರಿ" ಎಂದರು. ಅವರಿಗೆ ಭ್ರಮೆಯಿರಲಿಲ್ಲ, ಬುದ್ಧಿ ನಮ್ಮ-ನಿಮ್ಮಷ್ಟೇ ಸ್ವಚ್ಛವಾಗಿತ್ತು. ದಿನಾ ಬೆಳಿಗ್ಗೆ ಗಂಡನ ಮುಖವೊಂದು ಮನೆಯಿಂದ ಹೊರಡುವುದು ನಿಜವಷ್ಟೇ, ಅದಕ್ಕೆ ಬಾಗಿಲು ತೆರೆದುಕೊಡುತ್ತಿದ್ದರು. ಮೊಸರಿನ ಬಟ್ಟಲು ಹಿಡಿದು ಆ ತೆರೆದ ಬಾಗಿಲಿನಿಂದ ಹೊರಗೆ ಬರಲು ನನಗೆ ಯಾಕೋ ಧೈರ್ಯ ಸಾಲಲಿಲ್ಲ, ಸ್ವಲ್ಪ ತಡೆದೇ ಬಂದೆ.

ಉತ್ತರಗಳು ಬರತೊಡಗಿದವು. ಮೀರಜದ ರೈಲ್ವೆ ನಿಲ್ದಾಣದಲ್ಲಿ ಕಂಡರಂತೆ. ಪಂಢರಪುರದ ಮಠವೊಂದರಲ್ಲಿ ಊಟದ ಪಂಕ್ತಿಯಲ್ಲಿದ್ದರಂತೆ. ಅದೇ ದಿನ ಅದೇ ಹೊತ್ತಿಗೆ ವಾಸ್ಕೋದ ಬಂದರಿನ ಹತ್ತಿರವೂ ಇದ್ದರಂತೆ. ರಘುವೀರ ರಜೆ ಹಾಕಿ ಓಡುವನು, ಯಾರೂ ಇರುತ್ತಿರಲಿಲ್ಲ. ಆ ಉತ್ತರಗಳನ್ನೆಲ್ಲ ನನಗೆ ಓದಿಹೇಳುತ್ತಿದ್ದ. ಓದಿಸಿಕೊಂಡು ಓದಿಸಿಕೊಂಡು ನನಗೊಂದು ವಿಚಿತ್ರ ಕಂಡಿತು. ಎಲ್ಲರೂ ಕಂಡದ್ದು ಕೋಟು ತೊಟ್ಟ, ಕರಿಗೂದಲಿನ, ಮದುವೆಯ ಮನೆಯ ನಗೆಯಿದ್ದ ಮನುಷ್ಯನನ್ನೇ. ಕಾಣೆಯಾಗಿ ವರ್ಷಗಳುರುಳಿದ ಮನುಷ್ಯನ ಕೂದಲು ಬೆಳ್ಳಗಾಗಬೇಡವೆ, ಕೋಟು ಹರಿಯಬೇಡವೆ? ದಿನಾ ಒಂದೇ ಮುಖವನ್ನು ನೋಡಿ ನೋಡಿ ಜನಕ್ಕೆ ಅದು ಎಲ್ಲೆಲ್ಲಿಯೂ ಕಾಣುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಇದನ್ನು ನಾನು ಹೇಳಿದಾಗ ಅವನು, ಹಾಗಾದರೆ ಅವರು ಕಂಡದ್ದು ತಾನು ಕಳಿಸಿದ್ದನ್ನೇ ಎಂದಾಯಿತಲ್ಲ, ಅಂದರೆ ಅದು ಅವರಿಗೆ ಮುಟ್ಟಿದೆ ಎಂದಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡ. ಇಂಥವನಿಗೆ ಯಾರು ಏನು ಹೇಳಬೇಕು!

ಕೋಟು ಅವನ ಮೈಗೇರಿದ್ದು ಆ ಓಡಾಟದಲ್ಲಿಯೇ. ಎಂಥ ಕೋಟು ಎಂದು ಜನ ಕೇಳುತ್ತಿದ್ದರು. ಬಣ್ಣ ಹೇಳಿ ಬಟ್ಟೆ ಹೇಳಿ ತಿಳಿಸುವುದಕ್ಕಿಂತ ತನ್ನದನ್ನು ತೊಟ್ಟು ಹೋಗಿ ಇಂಥದ್ದೇ ಎಂದು ತೋರಿಸುವುದು ಸುಲಭವಾಗಿತ್ತು. ಹೇಗೆ ನಡೆಯುತ್ತಾರೆ ಎಂದೂ ಕೇಳುತ್ತಿದ್ದರು. "ಎಡಗಾಲ ಹಿಂಗ ಸ್ವಲ್ಪ ಎಳದ ನಡೀತಾರ್ರಿ" ಎಂದು ಅಂಗಡಿಯ ಮುಂದೆ, ಠಾಣೆಯ ಅಂಗಳದಲ್ಲಿ, ಪ್ಲಾಟ್‌ಫಾರ್ಮಿನ ಮೇಲೆ ನಡೆದು ತೋರಿಸುತ್ತಿದ್ದ. ತೋರಿಸಿ ತೋರಿಸಿ ಒಂದು ದಿನ, ಯಾರೂ ಕೇಳದಿದ್ದಾಗಲೂ, ನಮ್ಮ ಮೆಟ್ಟಿಲ ಮೇಲೆ ಆ ಎಳೆಯುವ ಹೆಜ್ಜೆಯ ಸಪ್ಪಳ ಬಂತು. ನಾನು ಒಳಗಿದ್ದೆ. ಬಾಳಕೃಷ್ಣರಾಯರ ಹೆಜ್ಜೆಯನ್ನು ಬಲ್ಲ ನನ್ನ ಹೆಂಡತಿ ಅಡಿಗೆಮನೆಯಿಂದ ಓಡಿಬಂದು ಬಾಗಿಲು ತೆರೆದಳು. ಅಲ್ಲಿ ರಘುವೀರ ಬೀಗದಕೈ ಹುಡುಕುತ್ತ ನಿಂತಿದ್ದ. ಅವಳು ಬಾಗಿಲು ಹಾಕಿ, ಚಿಲುಕವನ್ನೂ ಹಾಕಿಕೊಂಡು ಬಂದು ಕೂತಳು.

ಅವನ ಹೆಂಡತಿ ಪ್ರಾಚಿ ಗಟ್ಟಿ ಹೆಣ್ಣು. ಹುಳ ಬಿದ್ದಿದೆಯೆಂದು ನೆವ ಹೇಳಿ ಒಮ್ಮೆ ಆ ಕೋಟನ್ನು ಲಾಂಡ್ರಿಗೆ ಕೊಟ್ಟು ತರದೆ ಬಿಟ್ಟಳು. ಅವನೇ ಹೋಗಿ ತಂದ. ಮಾವನವರು ಸಿಗಲಿ ಬಿಡಲಿ, ತನ್ನ ಗಂಡ ತನಗೆ ಉಳಿದರೆ ಸಾಕು ಎಂದು ನನ್ನೆದುರು ಕಣ್ಣೀರಿಟ್ಟಳು. ನೀವಾದರೂ ಬುದ್ಧಿ ಹೇಳಿ ಎಂದಳು. ಹೇಳಿದೆ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು.

ಇಷ್ಟರಲ್ಲಿ ಹನ್ನೆರಡು ವರ್ಷ ತುಂಬುತ್ತ ಬಂತು. ದೇಶಾಂತರ ಹೋದವನ ಸುದ್ದಿ ಹನ್ನೆರಡು ವರ್ಷ ಬಾರದಿದ್ದರೆ ಸತ್ತನೆಂದೇ ತಿಳಿದು, ಮುತ್ತಲದ ಎಲೆಯಲ್ಲಿ ಮನುಷ್ಯಾಕೃತಿ ಕಟ್ಟಿ, ಅದಕ್ಕೆ ಅವನ ಹೆಸರಿಟ್ಟು ದಹನ ಮಾಡಿ, ಉಳಿದ ಕ್ರಿಯೆ ಮುಗಿಸುವುದು ಅವರ ಮನೆತನದ ಪದ್ಧತಿ. ನಡುವೆ ಎಂದಾದರೂ ಕಂಡನೆಂಬ ಖಚಿತ ವಾರ್ತೆ ಬಂದರೆ, ಎಣಿಕೆ ಆ ದಿನದಿಂದ ಮತ್ತೆ ಮೊದಲಾಗಬೇಕು. ಹಿಂದಿನ ಸುದ್ದಿಗಳೆಲ್ಲ ಬರೀ ಅಂತೆಕಂತೆ, ಮನೆಯವರಾರೂ ಗುರುತಿಸಿದ್ದಲ್ಲವೆಂದು ರಾಯರ ತಮ್ಮ, ಅಂದರೆ ರಘುವೀರನ ಕಾಕಾ, ಅವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಶಾಸ್ತ್ರನಿಷ್ಠ ಮನುಷ್ಯ, ಕೆಟ್ಟವನಲ್ಲ. ಅಣ್ಣ ಪ್ರೇತವಾಗಿ ಅಲೆಯುತ್ತಿರಬಾರದೆಂಬುದು ಅವನ ಸಂಕಟ. ಎರಡು ಸಾವಿರದ ಹನ್ನೆರಡರ ಮಾಘದಲ್ಲಿ ಎಲೆಯ ಗಂಟನ್ನು ಧಾರವಾಡದಿಂದ ತಾನೇ ಹೊತ್ತು ತಂದು, ಪಡಸಾಲೆಯ ಮೂಲೆಯಲ್ಲಿ, ಆ ಕಂಪ್ಯೂಟರಿನ ಪಕ್ಕದಲ್ಲಿಯೇ ಇಟ್ಟ. ಕ್ರಿಯೆ ನಡೆದರೆ ಅಂಬಾಬಾಯಿಯವರ ಹಣೆ ಬರಿದಾಗಬೇಕು. ಅವರು ಆ ಗಂಟಿನ ಕಡೆ ನೋಡದೆಯೇ ಮನೆಯಲ್ಲಿ ಓಡಾಡುತ್ತಿದ್ದರು, ಸಂಜೆ "ಬಂದ್ರೇನೋ?" ಅನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಕ್ರಿಯೆಯ ಹಿಂದಿನ ದಿನ ಕೊರ್ತಾಲಿಮ್‌ನಿಂದ ಮೇಲ್ ಬಂತು. ಬರೆದವನು ವಿಜಾಪುರದ ಕಡೆಯ ಹೇಮಲಪ್ಪ, ಸೇತುವೆಯ ಹತ್ತಿರ ಮೊಬೈಲು ರೀಚಾರ್ಜು, ಇಂಟರ್‌ನೆಟ್ಟು ಎಂದು ಸಣ್ಣ ಅಂಗಡಿ ಇಟ್ಟವನು. ರಾಯರ ಫೋಟೋವನ್ನು ಗೋಡೆಗೆ ಅಂಟಿಸಿ ವರ್ಷಗಳಾಗಿದ್ದವು. ನಿಮ್ಮ ಹಿರಿಯರು ಇಂದು ಮುಂಜಾನೆ ನಮ್ಮ ಅಂಗಡಿಯ ಮುಂದೆ ಹಾದುಹೋದರು, ಅದೇ ಕೋಟು, ಅದೇ ಕಾಲು, ಕೂಗುವುದರೊಳಗೆ ಹೊಳೆಯ ಕಡೆ ತಿರುಗಿದರು, ಮೊಬೈಲಿನಲ್ಲಿ ಫೋಟೋ ಹಿಡಿದಿದ್ದೇನೆ, ಲಗತ್ತಿಸಿದ್ದೇನೆ ಎಂದಿದ್ದ. ಕಾಕಾ ನನ್ನನ್ನೂ ಕರೆದ. ಎಲ್ಲರೂ ಪರದೆಯ ಮುಂದೆ ನಿಂತೆವು. ನಮ್ಮ ಕಡೆಯ ಇಂಟರ್‌ನೆಟ್ಟಿನ ನಡಿಗೆ ನಿಮಗೆ ಗೊತ್ತು. ಚಿತ್ರ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಇಳಿಯಿತು. ಮೊದಲು ಹೆಂಚು, ಆಮೇಲೆ ನರೆತ ಕೂದಲು, ಅರ್ಧ ಹೊರಳಿದ ಮುಖ, ಕುತ್ತಿಗೆಯವರೆಗಿನ ಗುಂಡಿ, ಕಂದು ಉಣ್ಣೆ, ಹಿಂದೆ ಉಳಿದ ಎಡಗಾಲು. ಕಾಕಾ "ಅಣ್ಣಾ" ಎಂದು ಕುಸಿದು ಕೂತ. ನನ್ನ ಕಣ್ಣು ಮಾತ್ರ ಕೋಟಿನ ಕಿಸೆಯಿಂದ ಇಣುಕುತ್ತಿದ್ದ ನೀಲಿ ಪಟ್ಟಿಯ ಮೇಲೆ ನಿಂತಿತು. ಅದು ಮಡ್ಕಯಿಯ ಕಾರ್ಖಾನೆಯ ಗುರುತಿನ ಚೀಟಿಯ ಪಟ್ಟಿ. ಅಂದು ಮುಂಜಾನೆ, ನಾಳೆ ಸುಡುವುದಕ್ಕೆ ಮೊದಲು ಕೊನೆಯ ಸಲ ಹುಡುಕುತ್ತೇನೆಂದು, ಕೋಟು ತೊಟ್ಟು ಕೊರ್ತಾಲಿಮ್‌ಗೆ ಹೋಗಿಬಂದವನು ರಘುವೀರನೇ; ಹುಡುಕಾಟದ ಹನ್ನೆರಡು ವರ್ಷಗಳಲ್ಲಿ ಅವನ ತಲೆಯೂ ನರೆತಿತ್ತು.

ಅವನು ತಾಯಿಯ ಕಡೆ ತಿರುಗಿದ. "ಅವ್ವಾ, ಇದು..." ಎಂದು ಬಾಯಿ ತೆರೆದ. ಅಂಬಾಬಾಯಿಯವರು ಚಷ್ಮಾ ಹಾಕಿಕೊಂಡು ಬಂದು, ಪರದೆಗೆ ಮುಖ ತಾಗುವಷ್ಟು ಬಗ್ಗಿ ನೋಡಿ, ಮಗನ ಭುಜದ ಮೇಲೆ ಕೈಯಿಟ್ಟು ಅದುಮಿದರು.

"ಇವರಽ," ಎಂದರು. "ಕೂದಲಾ ಬೆಳ್ಳಗಾಗ್ಯಾವ. ಬರ್ತೀನಿ ಅಂತ ಹೇಳಿ ಹೋಗಿದ್ರು, ಬಂದಾರ."

ಹೆಂಡತಿಯೇ ಗುರುತಿಸಿದ ಮೇಲೆ ಶಾಸ್ತ್ರಕ್ಕೆ ಬಾಯಿಲ್ಲ. ಕಾಕಾ ಕಣ್ಣೊರೆಸಿಕೊಂಡು, ಎಲೆಯ ಗಂಟನ್ನು ಹೊತ್ತು ಮರುದಿನದ ಬಸ್ಸಿಗೆ ಹೋದ. ಹೋಗುವ ಮುನ್ನ, ಹಳೆಯ ಫೋಟೋ ಯಾಕೆ, ಇನ್ನು ಹೊಸದನ್ನೇ ಕಳಿಸಬೇಕಲ್ಲವೇ ಎಂದ. ಅಂಬಾಬಾಯಿಯವರು ಹೌದೆಂದರು, ಹೌದೆಂದದ್ದಕ್ಕೆ ಮತ್ತೊಂದು ಹೌದು ಸೇರಿಸದೆ ಅವರಿಗೆ ಗತಿಯಿರಲಿಲ್ಲ. ರಘುವೀರ ಮರುಮಾತಾಡದೆ ಹಾಗೆಯೇ ಮಾಡಿದ. ಅದರ ಮಾರನೆಯ ಬೆಳಿಗ್ಗೆ ನನಗೆ ಬಂದ ಮೇಲ್ ತೆರೆದಾಗ ಕಾಣೆಯಾದವರ ಹೆಸರು ಬಾಳಕೃಷ್ಣರಾವ್ ಕೊರ್ಲಹಳ್ಳಿ, ಕೆಳಗಿದ್ದ ಮುಖ ಎದುರುಬಾಗಿಲಿನ ರಘುವೀರನದು. ಭುಜದ ಮೇಲೆ ಈಗ ಯಾವ ಬೆರಳೂ ಇರಲಿಲ್ಲ.

ಕೆಲವು ದಿನಗಳ ಮೇಲೆ ತಾರಸಿಯಲ್ಲಿ ಸಂಡಿಗೆ ಒಣಹಾಕುತ್ತಿದ್ದ ಅಂಬಾಬಾಯಿಯವರು ನನ್ನನ್ನು ಕಂಡು, ನೀವೂ ಗುರುತು ಹಿಡಿದಿರಿ, ಅದು ನನಗೆ ಗೊತ್ತಿದೆ ಎಂದರು. ನಾನು ತಲೆ ತಗ್ಗಿಸಿದೆ.

"ಹೊಟ್ಟ್ಯಾಗ ಹುಟ್ಟಿದವನ್ನ ಗುರ್ತಾ ಹಿಡೀಲಿಕ್ಕೆ ನನಗ ಚಷ್ಮಾ ಬೇಕೇನ್ರಿ?" ಎಂದರು. "ಆದ್ರ ಆ ಎಲಿ ಗಂಟು ಅಲ್ಲೇ ಇತ್ತಲ್ರಿ. ಎಲಿಗೆ ಅವರ ಹೆಸರಿಟ್ಟು ಸುಡೂದು ನನಗ ನೋಡ್ಲಿಕ್ಕೆ ಆಗತಿದ್ದಿಲ್ಲ, ಹೌದಂದೆ." ಸಂಡಿಗೆಯ ಹಿಟ್ಟು ಕೈಯಲ್ಲಿಯೇ ಒಣಗುತ್ತಿತ್ತು. "ಈಗ ಅಂವಾ ಸಂಜೀಕೆ ಬಂದು ಅವರ ಕುರ್ಚಿಮ್ಯಾಲೇ ಕೂಡತಾನ. ನಾ 'ಬಂದ್ರೇನೋ' ಅಂತ ಕೇಳೂದು ಬಿಟ್ಟೇನ್ರಿ. ಹೂಂ ಅಂದುಬಿಟ್ರ ಏನ್ ಮಾಡ್ಲಿ? ಒಬ್ಬರನ್ನ ಉಳಿಸ್ಕೊಳ್ಳಿಕ್ಕೆ ಹೋಗಿ ಇನ್ನೊಬ್ಬನ್ನ ಕೊಟ್ಟೆ ಅನಸ್ಲಿಕ್ಕತ್ತದ."

ಅವರ ಹಣೆಯ ಕುಂಕುಮ ಬಿಸಿಲಿಗೆ ಹೊಳೆಯುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ನಾನೂ ರಘುವೀರನೂ ಪಣಜಿಯ ಬಸ್ ನಿಲ್ದಾಣದಲ್ಲಿ ಪರ್ವರಿಯ ಬಸ್ಸಿಗೆ ಕಾಯುತ್ತಿದ್ದೆವು. ಬೀಚಿನ ಮೇಲೆ ಮಣಿಸರ ಮಾರಿ ಹಿಂದಿರುಗುತ್ತಿದ್ದ ಲಂಬಾಣಿ ಮುದುಕಿಯೊಬ್ಬಳು, ನಿಲ್ದಾಣದವರೆಲ್ಲ ಭೂರಿಬಾಯಿ ಎಂದು ಕರೆಯುವವಳು, ರಘುವೀರನನ್ನು ಕಂಡು ನಿಂತಳು. ಅಲ್ಲಿಯ ಪೊಲೀಸ್ ಚೌಕಿಯ ಗೋಡೆಯ ಮೇಲೆ ಅಂಟಿಸಿದ್ದ ಆ ಹೊಸ ಫೋಟೋವನ್ನೊಮ್ಮೆ ನೋಡಿದಳು, ಅವನ ಮುಖವನ್ನೊಮ್ಮೆ ನೋಡಿದಳು. ಹತ್ತಿರ ಬಂದು ಅವನ ಕೈ ಹಿಡಿದಳು.

"ಯಪ್ಪಾ, ನಿನ್ನ ಮಗಾ ನಿನ್ನ ಹುಡಕಾಕತ್ತಾನಂತ. ವಯಸ್ಸಾದ ಮ್ಯಾಲ ಹಿಂಗ ತಿರಗಬಾರದು. ಮನಿಗಿ ಹೋಗು."

ಇನ್ನು ಇವನು ಇಲ್ಲವ್ವಾ, ನಾನೇ ಆ ಮಗ ಅನ್ನುತ್ತಾನೆ ಎಂದು ಕಾದೆ. ನಾನೇ ಹೇಳಬೇಕೆಂದು ಬಾಯಿ ತೆರೆದೆ. ರಘುವೀರ ಆ ಮುದುಕಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ತಕ್ಕೊಂಡ. ಹನ್ನೆರಡು ವರ್ಷದಿಂದ ಆ ಮುಖದಲ್ಲಿ ಕಾಣದಿದ್ದ ಒಂದು ನಗೆ, ಮದುವೆಯ ಫೋಟೋದಲ್ಲಿ ಬಾಳಕೃಷ್ಣರಾಯರ ಮುಖದ ಮೇಲಿದ್ದ ನಗೆ, ಮೆಲ್ಲಗೆ ಮೂಡಿತು.

"ಮುಟ್ಟಿತವಾ," ಎಂದ. "ಮನಿಗೇ ಹೊಂಟೀನಿ."

ಹುಡುಕುವವರದು ಒಂದು ಬೇರೆಯೇ ಕುಲ. ಕಳೆದುಕೊಂಡವರೆಲ್ಲ ಹುಡುಕುವವರಾಗುವುದಿಲ್ಲ; ಬಹಳ ಮಂದಿ ಅತ್ತು, ಎಳ್ಳುನೀರು ಬಿಟ್ಟು, ಊಟಕ್ಕೆ ಕೂಡುತ್ತಾರೆ, ಹಾಗೆ ಮಾಡುವುದೇ ಮನುಷ್ಯಮಾತ್ರದವರಿಗೆ ಕ್ಷೇಮವೆಂದು ನಾನೂ ಈಗ ನಂಬಿದ್ದೇನೆ. ಈ ಕುಲದವರು ಮಾತ್ರ ಹೋದವರ ಗುರುತನ್ನು ಊರೂರಿಗೆ ಹೇಳುತ್ತ, ನಡೆದು ತೋರಿಸುತ್ತ, ತೊಟ್ಟು ತೋರಿಸುತ್ತ, ಬಿಟ್ಟುಹೋದ ಜಾಗವೊಂದು ಬರಿದಾಗಿರಬಾರದೆಂಬ ಪ್ರೀತಿಯಿಂದ ಅದರೊಳಗೆ ಒಂದೊಂದೇ ಕಾಲಿಡುತ್ತಾರೆ. ಹೋದವರು ಎಂದಾದರೊಂದು ದಿನ ಬಂದಾರು. ಅವರು ಬರ್ತೀನಿ ಎಂದು ಹೇಳಿ ಹೋಗಿರುತ್ತಾರೆ. ಹುಡುಕಹೋದವರು ಹಾಗೆ ಹೇಳುವುದನ್ನು ನಾನು ಕೇಳಿಲ್ಲ, ಯಾಕೆಂದರೆ ತಾವು ಮನೆ ಬಿಟ್ಟು ಹೊರಟದ್ದೇ ಅವರಿಗೆ ಗೊತ್ತಿರುವುದಿಲ್ಲ.